ಗೌರತ್ತೆಯ ಚಾಪೆ

ಮೊನ್ನೆ ಭಾನುವಾರ ಊಟವಾದ ಮೇಲೆ ನನ್ನ ಮಗ ಮೇಜಿನ ಮೇಲೆ ಒಂದು ದೊಡ್ಡ ಕಾಗದ ಹರಡಿದ. ಹಡಗಿನ ನಕ್ಷೆ. ಮುಂಬಯಿಯಿಂದ ಹೊರಟು, ನಾಲ್ಕು ದಿನ ಸಮುದ್ರದ ಮೇಲೆ ತಿರುಗಾಡಿಸಿ, ಮತ್ತೆ ಮುಂಬಯಿಗೇ ತಂದು ಬಿಡುವ ಹಡಗಂತೆ. ನಾವು ಒಂಬತ್ತು ಮಂದಿ, ಕೋಣೆಗಳು ಮೂರು. ಒಂದೊಂದು ಕೋಣೆಯಲ್ಲೂ ಒಂದು ದೊಡ್ಡ ಮಂಚ, ಹಗಲು ಕೂರುವುದಕ್ಕೆ ರಾತ್ರಿ ಮಲಗುವುದಕ್ಕೆ ಆಗುವ ಒಂದು ಸೋಫಾ, ಜೊತೆಗೆ ಗೋಡೆಯೊಳಗೆ ಮಡಚಿಟ್ಟಿದ್ದು ಬೇಕಾದಾಗ ಕೆಳಗಿಳಿಸುವ ಇನ್ನೊಂದು ಮಂಚ. ಮಡಚುವ ಮಂಚ ನನಗೇ ಬೇಕು ಎಂದು ಮೂವರು ಮರಿಮಕ್ಕಳೂ ಕಿತ್ತಾಡಿದರು. ಗೊರಕೆ ಹೊಡೆಯುವ ಅಪ್ಪನ ಕೋಣೆ ಬೇಡ ಎಂದ ಮೊಮ್ಮಗ. ನನ್ನನ್ನು ಸ್ನಾನದ ಮನೆ ಹತ್ತಿರ ಹಾಕಬೇಕೆಂಬುದು ಮಾತ್ರ ಸರ್ವಾನುಮತದಿಂದ ತೀರ್ಮಾನವಾಯಿತು.

ನನಗೆ ನಗು ಬಂತು. ನೀವೂ ತೊಂಬತ್ತರ ಹತ್ತಿರ ಬಂದವರಾಗಿದ್ದರೆ ನಗುತ್ತಿದ್ದಿರಿ. ಒಬ್ಬೊಬ್ಬರಿಗೂ ಜಾಗ ಇದ್ದೂ ಜಗಳ!

ಹೊಳೆನರಸೀಪುರದ ಪೇಟೆಬೀದಿಯಲ್ಲಿದ್ದ ನಮ್ಮ ಮನೆಯಲ್ಲಿ ಹತ್ತೊಂಬತ್ತು ಮಂದಿ ಮಲಗುತ್ತಿದ್ದೆವು. ಮನೆಗೆಲ್ಲ ಇದ್ದದ್ದು ಒಂದೇ ಮಂಚ. ಅದರ ಮೇಲೆ ಮಲಗುತ್ತಿದ್ದದ್ದು ದೊಡ್ಡಪ್ಪನ ಅಂಗಡಿಯ ಕೊಬ್ಬರಿ ಮೂಟೆಗಳು. ನೆಲದ ಮೇಲಿಟ್ಟರೆ ಕೊಬ್ಬರಿಗೆ ಥಂಡಿ ಹಿಡಿಯುತ್ತದಂತೆ. ನಮಗೆ ಹಿಡಿದರೆ ಹೇಗೂ ಕಷಾಯವಿತ್ತು.

ಯಾರು ಎಲ್ಲಿ ಮಲಗಬೇಕು ಎನ್ನುವುದು ಅಜ್ಜಿಯ ಖಾತೆ. ಯುದ್ಧದ ಕಾಲ, ಸೀಮೆಎಣ್ಣೆಗೆ ತತ್ವಾರ. ದೀಪ ಹಚ್ಚುವುದಕ್ಕೆ ಮೊದಲೇ, ಹೊತ್ತಿನ ಬೆಳಕಿನಲ್ಲೇ ಚಾಪೆಗಳು ಬೀಳಬೇಕು. ಅಜ್ಜಿ ನಡುಮನೆಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದಳು. "ಗೊರಕೆಯೋರೆಲ್ಲ ಜಗುಲಿಗೆ. ಕೆಮ್ಮೋರು ಕಿಟಕಿ ಮಗ್ಗುಲ್ಗೆ. ಒದ್ದೆ ಮಾಡೋ ಐಕ್ಳು ಬಚ್ಚಲು ಕಡೀಕೆ." ಇದ್ದ ಒಂದು ಕೋಣೆ ಹೊಸದಾಗಿ ಮದುವೆಯಾದವರಿಗೆ, ಇನ್ನೊಂದು ಮದುವೆ ಆದ ದಿನವೇ ಹಳಬರು ನಡುಮನೆಗೆ ಬರಬೇಕು. ನೆಂಟರು ಬಂದರೆ ಅವರ ಚಾಪೆ ತಲೆಬಾಗಿಲ ಹತ್ತಿರ. ಬೆಳಿಗ್ಗೆ ಬಸ್ಸಿಗೆ ಏಳಬೇಕಾದವರು ಬಾಗಿಲ ಬಳಿಯಿದ್ದರೆ ಮಿಕ್ಕವರನ್ನು ತುಳಿಯುವುದಿಲ್ಲ, ಅಷ್ಟೇ. ಆದರೆ ಆ ಜಾಗಕ್ಕೆ ಒಂದು ಅರ್ಥ ಬಂದುಬಿಟ್ಟಿತ್ತು. ಅಲ್ಲಿ ಮಲಗಿದವರು ಹೊರಟು ಹೋಗುವವರು.

ನನಗಾಗ ಎಂಟು ವರ್ಷ. ನಿದ್ದೆಯಲ್ಲಿ ನಾನು ಒದೆಯುತ್ತಿದ್ದೆನಂತೆ; ಪಕ್ಕದಲ್ಲಿ ಮಲಗಲು ಯಾರೂ ಒಪ್ಪುತ್ತಿರಲಿಲ್ಲ. ಹಾಗೆಂದು ಎಲ್ಲರೂ ಹೇಳುತ್ತಿದ್ದರು, ನನಗಂತೂ ಒಂದು ಒದೆಯೂ ನೆನಪಿಲ್ಲ. ಗೌರತ್ತೆ ಬಂದ ದಿನ ಅವಳೇ ನನ್ನ ಚಾಪೆಯನ್ನು ತನ್ನ ಪಕ್ಕಕ್ಕೆ ಎಳೆದುಕೊಂಡಳು. "ಒದೀಲಿ ಬುಡವ್ವ," ಎಂದಳು ಅಜ್ಜಿಗೆ, "ಪಕ್ಕದಲ್ಲಿ ಒಬ್ರವ್ರೆ ಅಂತಾನಾದ್ರೂ ಗೊತ್ತಾಯ್ತದೆ."

ಗೌರತ್ತೆ ನನ್ನಪ್ಪನ ತಂಗಿ. ಹದಿನೈದಕ್ಕೇ ಚನ್ನರಾಯಪಟ್ಟಣದ ತೆಂಗಿನಕಾಯಿ ವ್ಯಾಪಾರದವರ ಮನೆಗೆ ಕೊಟ್ಟಿದ್ದರು. ಆರು ವರ್ಷವಾದರೂ ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ತಂದಿದ್ದ. ಒಂದು ದಿನ ಅವಳು ಒಬ್ಬಳೇ ಬಸ್ಸಿನಲ್ಲಿ ಬಂದಿಳಿದಳು, ಕೈಯಲ್ಲೊಂದು ತಗಡಿನ ಟ್ರಂಕು. ಯಾಕೆ, ಏನು ಎಂದು ಯಾರು ಕೇಳಿದರೂ "ಸುಮ್ನೆ ಬಂದೆ" ಎನ್ನುವಳು. "ನಾಕ್ ದಿನ ಇದ್ದು ಓಯ್ತಾಳೆ," ಎಂದ ದೊಡ್ಡಪ್ಪ. ಅಜ್ಜಿ ಅವಳ ಚಾಪೆಯನ್ನು ತಲೆಬಾಗಿಲ ಹತ್ತಿರ ಹಾಕಿಸಿದಳು. ನಾಲ್ಕು ದಿನ ಎರಡು ತಿಂಗಳಾಯಿತು. ಚಾಪೆ ಮಾತ್ರ ಅಲ್ಲಿಂದ ಕದಲಲಿಲ್ಲ.

ಆಮೇಲೆ ಒಂದು ಮಧ್ಯಾಹ್ನ ಅವಳ ಮಾವ ಬಂದರು. ಬಾಳೆಹಣ್ಣು, ವೀಳ್ಯದೆಲೆ ತಂದಿದ್ದರು. ಜಗುಲಿಯ ಮೇಲೆ ಕೂತು ದೊಡ್ಡಪ್ಪನಿಗೆ ವಿಷಯ ಹೇಳಿದರು: ತಮ್ಮ ಹೆಂಡತಿಗೆ ಒಂದು ಪಕ್ಕ ಕೈಕಾಲು ಬಿದ್ದುಹೋಗಿದೆ, ನೋಡಿಕೊಳ್ಳುವವರಿಲ್ಲ, ಹಿರಿಸೊಸೆ ಮನೆಗೆ ಬರಬೇಕು. ದೊಡ್ಡಪ್ಪನ ಮುಖ ಅರಳಿತು. ತಂಗಿ ಗಂಡನ ಮನೆ ಸೇರಿದರೆ ಸಾಕೆಂದು ಅವನು ಕಾದಿದ್ದ. "ಗೌರಿ, ಬಟ್ಟೆ ಜೋಡುಸ್ಕೊ," ಎಂದು ಒಳಗೆ ಕೂಗಿದ.

ಗೌರತ್ತೆ ಟ್ರಂಕು ತೆಗೆದು ಸೀರೆ ಮಡಚತೊಡಗಿದಳು. ಒಂದೇ ಸೀರೆಯನ್ನು ಮೂರು ಸಲ ಮಡಚಿದ್ದನ್ನು ನಾನು ನೋಡಿದೆ.

ಬೀಗರ ಎದುರು ಹೆಂಗಸರು ಬಂದು ಮಾತಾಡುವ ಪದ್ಧತಿ ಇರಲಿಲ್ಲ. ಅಜ್ಜಿ ಬಾಗಿಲ ಮರೆಯಲ್ಲಿ ನಿಂತಳು, ಸೆರಗಿನ ಅಂಚಷ್ಟೇ ಅವರಿಗೆ ಕಾಣುವ ಹಾಗೆ.

"ಬೀಗ್ರೆ, ಒಂದ್ ಮಾತು. ನಿಮ್ಮನೇಲಿ ನನ್ ಮಗ್ಳು ಎಲ್ಲಿ ಮನಗ್ತಾಳೆ?"

ಮಾವ ನಕ್ಕರು. "ಇದೇನಮ್ಮಾ ಇಂಗ್ ಕೇಳ್ತೀರಿ? ಅಷ್ಟು ದೊಡ್ ಮನೆ. ಎಲ್ಲಾದ್ರೂ ಮನಗ್ತಾಳೆ."

"ಎಲ್ಲಾದ್ರೂ ಅಂದ್ರೆ ಎಲ್ಲಿ? ಕೋಣೇಲಾ?"

"ಕೋಣೇಲಿ ಚಿಕ್ಕೋಳವಳೆ. ಬಸುರಿ ಎಂಗ್ಸು."

"ನಡುಮನೇಲಾ?"

"ನಡುಮನೇಲಿ ನಮ್ಮನೆಯೋಳ್ನ ಮನಗ್ಸಿದೀವಲ್ಲಾ..."

ಅವರ ಮಾತು ಮುಗಿಯುವ ಮೊದಲೇ ಒಳಗಿನಿಂದ ಗೌರತ್ತೆಯ ದನಿ ಬಂತು. ಗಟ್ಟಿಯಾಗಿಯೂ ಇರಲಿಲ್ಲ, ಅಳುವೂ ಇರಲಿಲ್ಲ. "ಹಿತ್ಲಲ್ಲಿ ಕಣವ್ವ, ಒರಳುಕಲ್ಲಿನ ಮಗ್ಗುಲಲ್ಲಿ. ಒಂದೂವರೆ ವರ್ಸದಿಂದ."

ಎರಡು ತಿಂಗಳು ಅವಳ ಪಕ್ಕದಲ್ಲಿ ಮಲಗಿದ್ದ ನನಗೂ ಇದು ಗೊತ್ತಿರಲಿಲ್ಲ. ಮಾವ ಬಾಳೆಹಣ್ಣಿನ ಚಿಪ್ಪನ್ನು ಈ ಕಡೆಯಿಂದ ಆ ಕಡೆಗೆ ಸರಿಸಿದರು. ಅಜ್ಜಿ ಬಾಗಿಲ ಮರೆಯಿಂದ ಈಚೆಗೆ ಬಂದಳು. ಬೀಗರೆದುರು ಅವಳ ಮುಖವನ್ನು ನಾನು ಕಂಡದ್ದು ಅದೇ ಮೊದಲು.

"ದಿನಾ ಹತ್ತೊಂಬತ್ತು ಜನ್ಕೆ ಜಾಗ ಮಾಡ್ತೀನಿ ನಾನು. ನನ್ ಮಗ್ಳು ಬಂದ್ರೆ ಬಾಗ್ಲತ್ರ ಹಾಕ್ಬುಟ್ಟೆ. ನಂದೂ ತಪ್ಪೇಯ. ಅವ್ಳು ಬರಾಕಿಲ್ಲ ಬೀಗ್ರೆ. ನೀವು ಊಟ ಮಾಡ್ಕೊಂಡ್ ಓಗಿ."

"ಅವ್ವಾ!" ದೊಡ್ಡಪ್ಪ ಎದ್ದು ನಿಂತ. "ಊರೋರು ಏನಂತಾರೆ?"

"ಊರೋರು ನಮ್ಮನೇಲಿ ಮನಗಾಕೆ ಬರಾಕಿಲ್ಲ ಕಣ್ಲಾ."

ಮಾವ ಊಟ ಮಾಡದೆಯೇ ಹೋದರು. ಅವತ್ತು ಸಂಜೆ ಅಜ್ಜಿ ತನ್ನ ಚಾಪೆಯ ಪಕ್ಕ, ನಡುಮನೆಯ ಕಂಬದ ಹತ್ತಿರ, ಗೌರತ್ತೆಯ ಚಾಪೆಯನ್ನು ತಾನೇ ಬಗ್ಗಿ ಹಾಸಿದಳು. ಅಲ್ಲಿದ್ದ ಇಬ್ಬರು ಸೊಸೆಯರು ಆಚೆ ಸರಿದುಕೊಂಡರು. ನಾನು ನನ್ನ ಚಾಪೆ ಎತ್ತಿಕೊಂಡು ಹಿಂದೆಯೇ ಹೋದೆ.

ದೊಡ್ಡಪ್ಪ ಒಂದು ತಿಂಗಳು ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಅವನು ಕೆಟ್ಟವನಲ್ಲ, ಹೆದರುವ ಮನುಷ್ಯ. ಆ ಹೆದರಿಕೆ ಇಳಿದ ಮೇಲೆ ಅವನೇ ಯಾರನ್ನೋ ವಿಚಾರಿಸಿ ಬಂದ: ಹಾಸನದಲ್ಲಿ ಹೆಣ್ಣುಮಕ್ಕಳಿಗೆ ಮೇಷ್ಟರ ತರಬೇತಿ ಕೊಡುತ್ತಾರೆ, ಗೌರಿ ಹೇಗೂ ಮದುವೆಗೆ ಮೊದಲು ಲೋಯರ್ ಸೆಕೆಂಡರಿ ಪಾಸು ಮಾಡಿದ್ದಾಳೆ. ಅರ್ಜಿಯನ್ನು ಅವನೇ ಬರೆದ. ಟ್ರಂಕು ಹೊತ್ತುಕೊಂಡು ಹಾಸನಕ್ಕೆ ಅವನೇ ಬಿಟ್ಟುಬಂದ. ತಂಗಿಯನ್ನು ಬಿಟ್ಟುಬಂದು ಅಂಗಡಿಯಲ್ಲಿ ಕೂತು ಅತ್ತನೆಂದು ದೊಡ್ಡಮ್ಮ ಹೇಳುತ್ತಿದ್ದಳು.

ತರಬೇತಿ ಮುಗಿದ ಮೇಲೆ ಗೌರತ್ತೆಗೆ ಅರಕಲಗೂಡಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸವಾಯಿತು. ಬೇಸಗೆ ರಜದಲ್ಲಿ ನಾನು ಹೋದೆ. ಒಂದೇ ಕೋಣೆಯ ಬಾಡಿಗೆ ಮನೆ, ಕಿಟಕಿಯ ಕೆಳಗೆ ಒಂದು ಮಂಚ. ನಾನು ಹಕ್ಕಿನಿಂದ ಹೋಗಿ ಅದರ ಮೇಲೆ ನನ್ನ ಬಟ್ಟೆಗಂಟು ಇಟ್ಟೆ. ಗೌರತ್ತೆ ಗಂಟನ್ನೆತ್ತಿ ಕೆಳಗಿಟ್ಟಳು.

"ಮೊದಲ್ನೇ ವಾರ ನಿದ್ದೇನೇ ಬರ್ನಿಲ್ಲ ಕಣೆ, ಯಾರ್ ಉಸ್ರೂ ಕೇಳಾಕಿಲ್ಲ. ಈಗ ಅಡ್ಡಡ್ಡ ಮನಗಿ ಅಭ್ಯಾಸ ಆಗೋಗದೆ. ನೀನು ಕೆಳೀಕೆ ಆಸ್ಕೊ."

ನನಗೆ ಆಗ ಸಿಟ್ಟು ಬಂದಿತ್ತು. ಈಗ ನೆನೆದರೆ ಅವಳು ಅಡ್ಡಡ್ಡ ಮಲಗಿದ್ದ ಆ ರೀತಿಯೇ ಕಣ್ಣಿಗೆ ಕಟ್ಟುತ್ತದೆ, ಎರಡು ಕೈಯನ್ನೂ ಚಾಚಿಕೊಂಡು. ಅವಳು ಎಂಬತ್ತು ದಾಟುವ ತನಕ ಬದುಕಿದಳು.

ಇಷ್ಟೆಲ್ಲ ನೆನಪಾಗಿ ನಾನು ಮತ್ತೆ ಕನ್ನಡಕ ಹಾಕಿಕೊಂಡು ಆ ನಕ್ಷೆಯನ್ನು ನೋಡಿದೆ. ಮೊಮ್ಮಗಳು ವಿನುತಾ ಗಂಡನನ್ನು ಬಿಟ್ಟು ಮನೆಗೆ ಬಂದು ಎಂಟು ತಿಂಗಳಾಯಿತು. ಅವಳ ಹೆಸರನ್ನು ಅವಳ ಅಣ್ಣನ ಕೋಣೆಯ ಸೋಫಾದ ಪಕ್ಕ ಬರೆದಿದ್ದರು. "ಒಬ್ಳೇ ತಾನೆ, ಎಲ್ಲಾದ್ರೂ ಅಡ್ಜಸ್ಟ್ ಆಗ್ತಾಳೆ," ಎಂದಿದ್ದ ನನ್ನ ಮಗ, ಕೆಟ್ಟ ಮನಸ್ಸಿನಿಂದಲ್ಲ. ಅದಕ್ಕೆ ತಲೆಯಾಡಿಸಿದವರಲ್ಲಿ ನಾನೂ ಒಬ್ಬಳು.

ವಿನುತಾಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ನಿನಗೆ ಯಾವುದು ಬೇಕು ಎಂದೆ.

"ಯಾವುದಾದ್ರೂ ಸರಿ ಅಜ್ಜಿ. ನಾಲ್ಕು ದಿನ ತಾನೆ."

"ಅದು ಉತ್ತರ ಅಲ್ಲ. ನೋಡಿ ಹೇಳು."

ತುಂಬ ಹೊತ್ತು ನೋಡಿದಳು. ಆಮೇಲೆ ಹಡಗಿನ ಅಂಚಿನಲ್ಲಿದ್ದ, ನಮ್ಮ ಮೂರು ಕೋಣೆಗಳ ಲೆಕ್ಕಕ್ಕೆ ಸೇರಿರದ, ಒಬ್ಬರಿಗಷ್ಟೇ ಆಗುವ ಒಂದು ಸಣ್ಣ ಕೋಣೆಯ ಮೇಲೆ ಬೆರಳಿಟ್ಟಳು. "ಇದು. ಬೆಳಿಗ್ಗೆ ಎದ್ದ ತಕ್ಷಣ ನನಗೆ ಸಮುದ್ರ ಕಾಣ್ಬೇಕು." ಹೇಳಿದ ಮೇಲೆ ತಾನೇ ಬೆಚ್ಚಿದವಳಂತೆ ನನ್ನ ಮುಖ ನೋಡಿದಳು.

ಮಗನನ್ನು ಕರೆದು, ಆ ಕೋಣೆಯನ್ನೂ ತೆಗೆದುಕೊಂಡು ಅದಕ್ಕೆ ವಿನುತಾಳ ಹೆಸರು ಬರಿ ಎಂದೆ. ಅವನು ಒಂದು ಗಳಿಗೆ ನನ್ನನ್ನೂ ಮಗಳನ್ನೂ ನೋಡಿ, ಮೇಜಿನ ಮೇಲಿದ್ದ ಪೆನ್ಸಿಲ್ ಎತ್ತಿಕೊಂಡ.

"ಪೆನ್ನಲ್ಲಿ ಬರಿ," ಎಂದೆ.