ಗಂಗುಲಪ್ಪ ಮಡಚದ ಅಂಚು

ಮುಳಬಾಗಿಲಿನ ಪೇಟೆಬೀದಿಯಲ್ಲಿ ತಗಡಿನ ಗಂಗುಲಪ್ಪನೆಂದರೆ ಗೊತ್ತಿಲ್ಲದವರಿರಲಿಲ್ಲ. ಸೀಮೆಎಣ್ಣೆ ಡಬ್ಬ ಖಾಲಿಯಾದರೆ ಜನ ಅವನ ಅಂಗಡಿಗೇ ತರುತ್ತಿದ್ದರು. ಅವನು ಅದನ್ನು ಕತ್ತರಿಸಿ, ಮರದ ಕೊಡತಿಯಿಂದ ತಟ್ಟಿ ಚಪ್ಪಟೆ ಮಾಡಿ, ಎಣ್ಣೆ ಸುರಿಯುವ ಲಾಳಿಕೆಯೋ ಬುಡ್ಡಿದೀಪವೋ ಕೇಳಿದ್ದನ್ನು ಮಾಡಿಕೊಡುತ್ತಿದ್ದ. ಅವನಲ್ಲಿದ್ದ ಸಾಮಾನಾದರೂ ಎಷ್ಟು? ದೊಡ್ಡ ಕತ್ತರಿ, ಕೊಡತಿ, ಬೆಸುಗೆಯ ತಾಮ್ರದ ಸಲಾಕೆ, ತಗಡಿನಡಿ ಇಟ್ಟುಕೊಳ್ಳಲು ಒಂದು ತುಂಡು ರೈಲು ಕಂಬಿ. ಆ ಕಂಬಿ ಎಲ್ಲಿಂದ ಬಂತು ಎಂದು ಕೇಳಿದರೆ ಮಾತ್ರ ಅವನಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಆ ಕೆಲಸದಲ್ಲಿ ನಾಜೂಕು ಬೇಕಾದದ್ದು ಅಂಚಿಗೆ. ಕತ್ತರಿಸಿದ ತಗಡು ಚಾಕುವಿನಂತೆ ಕುಯ್ಯುತ್ತದೆ. ಅಂಚನ್ನು ಬೆರಳಗಲ ಬಾಗಿಸಿ, ಒಳಗೆ ತಂತಿ ಕೂರಿಸಿ, ತಂತಿಯ ಮೇಲೆ ಮಡಚಿ, ಮೆತ್ತಗೆ ತಟ್ಟುತ್ತಾ ಸುತ್ತಿ ಬರಬೇಕು. ಅಂಚು ಮಡಚದ ಸಾಮಾನು ಅಂಗಡಿಯ ಹೊಸ್ತಿಲು ದಾಟಕೂಡದು ಎಂದು ಅವನಪ್ಪ ಕಟ್ಟು ಮಾಡಿದ್ದ. ಗಂಗುಲಪ್ಪ ಅದನ್ನು ಚಾಚೂ ತಪ್ಪದೆ ನಡೆಸಿದ. ನಂಗಲಿ ಸಂತೆಗೆ ಹೊರಟ ಪ್ರತಿ ಲಾಳಿಕೆಯ ಬಾಯಿಗೂ ಹೆಬ್ಬೆರಳು ಆಡಿಸಿ ನೋಡಿಯೇ ಕೊಡುತ್ತಿದ್ದ.

ಅವನ ಮನೆ ಅಂಗಡಿಯ ಹಿಂದೆಯೇ ಇತ್ತು, ನಡುವೆ ಬರೀ ಗೋಣಿಪರದೆ. ಹಾಗಾಗಿ ಮನೆಗೆ ಹೋದದ್ದು ಹೊಸ್ತಿಲು ದಾಟಿದ ಲೆಕ್ಕಕ್ಕೆ ಬರುತ್ತಿರಲಿಲ್ಲ. ಹೆಂಡತಿ ಶಾಮಲಮ್ಮ ನೀರು ಮೊಗೆಯಲು ಡಬ್ಬಿ ಕೇಳಿದಾಗ ಎರಡನೇ ಮಹಾಯುದ್ಧ ನಡೆಯುತ್ತಿತ್ತು, ತಗಡು ಸಿಗುವುದೇ ಕಷ್ಟವಾಗಿತ್ತು. ಉಳಿಕೆ ತುಂಡೊಂದನ್ನು ಸುತ್ತಿ, ತಳಕ್ಕೆ ಬೆಸುಗೆ ಹಾಕಿ ಕೊಟ್ಟುಬಿಟ್ಟ.

"ಅಂಚು ಮಡಚ್ಕೊಡಿ, ಕೈಗೆ ತರಚ್ತದೆ" ಎಂದಳು.

"ನಾಳೆ ಮಾಡ್ತೀನಿ ಕಣೇ. ಆಚೆ ಜನ ಕಾಯ್ತಾವ್ರೆ."

ಊರಿನವರ ಕೈಗಳ ಮೇಲಿದ್ದ ಕಾಳಜಿ ಮನೆಯವಳ ಕೈ ಮೇಲೆ ಯಾಕಿರಲಿಲ್ಲವೋ ಆ ಮಹರಾಯನಿಗೆ. ಕೇಳಿ ಕೇಳಿ ಸಾಕಾಗಿ ಶಾಮಲಮ್ಮ ಅವನ ಮೊಳೆಯನ್ನೇ ತಂದು ಡಬ್ಬಿಯ ಬಾಯಿ ಸುತ್ತ ತೂತು ಹೊಡೆದಳು. ಹಳೇ ಸೀರೆಯ ಪಟ್ಟಿಯೊಂದನ್ನು ಅಂಚಿನ ಮೇಲೆ ಮಡಚಿ, ತೂತುಗಳಲ್ಲಿ ದಾರ ತೂರಿಸಿ ಹೊಲಿದಳು.

"ನನ್ನ ಕೆಲ್ಸಕ್ಕೇ ಕೈ ಹಾಕಿದ್ಯಲ್ಲೇ" ಎಂದು ಗಂಗುಲಪ್ಪ ನಕ್ಕ.

"ನಿಮ್ಮ ನಾಳೆ ಬರೋವರ್ಗೂ ಇರ್ಲಿ ಅಂತ" ಎಂದು ಅವಳೂ ನಕ್ಕಳು.

ಒಂದು ಬೆಳಿಗ್ಗೆ ಕೊಟ್ಟಿಗೆ ತೊಳೆಯುವಾಗ, ನೆಂದು ನೆಂದು ಸವೆದಿದ್ದ ಡಬ್ಬಿಯ ಬಟ್ಟೆ ಒಂದು ಕಡೆ ಹರಿದು, ಅಂಚು ಅವಳ ಅಂಗೈ ಸೀಳಿತು. ಸಗಣಿ ಬಾಚುತ್ತಿದ್ದ ಕೈ. ಅರಿಶಿನ ಮೆತ್ತಿ ಕಟ್ಟಿಕೊಂಡು, ಡಬ್ಬಿಯ ಹರಿದ ಕಡೆಗೆ ಹೊಸ ಪಟ್ಟಿ ಹೊಲಿಯುತ್ತಾ ಕೂತಳು. ಗಂಡ ಕೇಳಿದ್ದಕ್ಕೆ ಏನೋ ಗೀರಿತು ಎಂದಳು, ಅಷ್ಟೇ. ವಾರ ಕಳೆಯುವಷ್ಟರಲ್ಲಿ ಅವಳ ದವಡೆ ಬಿಗಿಯಿತು.

ಕೋಲಾರದ ಆಸ್ಪತ್ರೆಯಲ್ಲಿ ಡಾಕ್ಟರು ಕಟ್ಟು ಬಿಚ್ಚಿಸಿ, ಇದು ಯಾವುದರಿಂದ ಆದ ಗಾಯ ಎಂದು ಕೇಳಿದರು. ಶಾಮಲಮ್ಮನ ಬಾಯಿ ತೆರೆಯುವಂತಿರಲಿಲ್ಲ. ಗಂಗುಲಪ್ಪ ಬಗ್ಗಿ ನೋಡಿದ. ತಗಡಿನ ಗಾಯದ ನೇರ ಗೆರೆ ಅವನಿಗೆ ಗೊತ್ತಿಲ್ಲದ್ದೇ?

"ನನ್ನ ಕೈಕೆಲ್ಸ, ಸ್ವಾಮಿ" ಎಂದ.

ಧನುರ್ವಾಯು ಅವಳನ್ನು ಉಳಿಸಲಿಲ್ಲ.

ಕಾರ್ಯ ಮುಗಿದ ಮರುದಿನ, ಶ್ರೀನಿವಾಸಪುರಕ್ಕೆ ಕೊಟ್ಟಿದ್ದ ಮಗಳು ಕದಿರಮ್ಮ ಆ ಡಬ್ಬಿ ಎತ್ತಿಕೊಂಡು ಹೊರಟಳು.

"ಎಲ್ಲಿಗಮ್ಮ ಅದು?"

"ಪಾಳುಬಾವಿಗೆ ಹಾಕ್ಬಿಡ್ತೀನಪ್ಪ. ನೋಡಕ್ಕಾಗಲ್ಲ ನಂಗೆ."

"ಕೊಡಿಲ್ಲಿ. ಅಂಚು ಮಡಚ್ಬೇಕು."

ಅವನು ಕಂಬಿಯ ಮುಂದೆ ಕೂತ. ತಂತಿ ಅಳತೆಗೆ ಕತ್ತರಿಸಿದ, ಕೊಡತಿ ಎಳೆದುಕೊಂಡ. ಮಡಚಬೇಕಾದರೆ ಮೊದಲು ಬಟ್ಟೆ ಬಿಚ್ಚಬೇಕು. ಒಂದು ಕಡೆ ಕಂದು ಕಲೆಯಿತ್ತು. ಗಾಯದ ಕೈಯಲ್ಲೇ ಹಾಕಿದ್ದರಿಂದ ಹೊಲಿಗೆ ಅಲ್ಲಿ ಸೊಟ್ಟಗೆ ಹೋಗಿತ್ತು. ಕತ್ತರಿಯ ತುದಿಯನ್ನು ದಾರದಡಿಗೆ ತೂರಿಸಿದ. ಆಚೆ ಗಿರಾಕಿಯೊಬ್ಬ ಗಂಗುಲಪ್ಪಾ ಎಂದು ಕೂಗಿದ, ಕಾದ, ಹೊರಟುಹೋದ. ದಾರ ಕತ್ತರಿಸಲು ಕೈ ಬರಲಿಲ್ಲ. ಅವಳ ಕೈಯದು ಅಂತ ಉಳಿದಿದ್ದು ಆ ಹೊಲಿಗೆಯೊಂದೇ.

ಕತ್ತರಿ ಕೆಳಗಿಟ್ಟ. ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಬಟ್ಟೆಯ ಮೇಲೆ ಹೆಬ್ಬೆರಳು ಆಡಿಸಿದ.

"ನಾಳೆ ಮಾಡ್ತೀನಿ ಕಣೇ" ಎಂದು ಬಿಕ್ಕಿ ಬಿಕ್ಕಿ ಅತ್ತ.