ಎರಡು ಟರ್ಮಿನಲ್, ಒಂದು ಪ್ರಿಂಟರ್, ವಿಪರೀತ ಮರ್ಯಾದೆ

ಕರೆಂಟು ಹೋಗಬಹುದಿತ್ತು. ಹೋದಾಗ ಬ್ಯಾಟರಿ ಕೈಕೊಡಬಹುದಿತ್ತು. ಇಲಿ ವೈರು ಕಡಿದಿರಬಹುದಿತ್ತು. ಅಫಜಲಪುರದಿಂದ ತಪಾಸಣೆಗೆ ಬರುವ ಸಾಹೇಬರ ಬಸ್ಸು ಚೌಡಾಪುರದಲ್ಲಿ ಕೆಟ್ಟು ನಿಂತು, ಅವರು ಬಿಸಿಲಲ್ಲಿ ಬೆಂದು ಸಿಟ್ಟಿನಲ್ಲೇ ಬಂದಿಳಿಯಬಹುದಿತ್ತು. ನನ್ನ ಕೋಡಿನಲ್ಲಿ ಒಬ್ಬರು ಪ್ರಿಂಟರಿಗೆ ಹಾಕಿದ ಲಾಕು ತೆಗೆಯದೇ ಕೂತು, ಇನ್ನೊಬ್ಬರನ್ನು ಸಂಜೆತನಕ ಕಾಯಿಸಬಹುದಿತ್ತು.

ತೊಂಬತ್ತರ ದಶಕದ ಮಾತು. ಆಳಂದದಲ್ಲಿ ಟೈಪಿಂಗ್ ಶಾಲೆ ನಡೆಸುತ್ತಿದ್ದ ಅಕ್ಕೋರು ಆರು ಟೈಪ್‌ರೈಟರುಗಳ ಪಕ್ಕ ಒಂದು ಕಂಪ್ಯೂಟರ್ ಇಟ್ಟಿದ್ದರು. ಕ್ಲಾಸಿಗೆ ಮಾನ್ಯತೆ ಸಿಗಬೇಕಾದರೆ ಅದರ ಮೇಲೆ ಇಬ್ಬರು ಒಂದೇ ಹೊತ್ತಿಗೆ ಕೆಲಸ ಮಾಡುವುದನ್ನು ತಪಾಸಣೆಯ ಸಾಹೇಬರು ಕಣ್ಣಾರೆ ನೋಡಬೇಕಿತ್ತು. ಸಿಗದಿದ್ದರೆ ಹೆಸರು ಹಚ್ಚಿದ್ದ ಹನ್ನೊಂದು ಹುಡುಗಿಯರು ಗುಲ್ಬರ್ಗಾಕ್ಕೆ ಹೋಗಿ ಕಲಿಯಬೇಕು. ಅಷ್ಟು ದೂರ ಬಸ್ಸು ಹತ್ತಿಸುವ ಮನೆಗಳು ಆಗ ಎರಡೋ ಮೂರೋ.

ಅಕ್ಕೋರಿಗೆ ಆ ಕಂಪ್ಯೂಟರ್ ಕೊಟ್ಟ ಗುಲ್ಬರ್ಗಾದ ಸಣ್ಣ ಕಂಪನಿಯಲ್ಲಿ ನಾನು ಆಪರೇಟಿಂಗ್ ಸಿಸ್ಟಮ್ಮಿನ ಒಳತಿರುಳಾದ ಕರ್ನಲ್ ತಿದ್ದುತ್ತಿದ್ದೆ. ಒಂದೇ ಪ್ರೊಸೆಸರನ್ನು ತೋರಿಕೆಗೆ ಎರಡು ಕಂಪ್ಯೂಟರ್ ಮಾಡಿ, ಪರದೆ, ಕೀಬೋರ್ಡು ಇರುವ ಎರಡು ಟರ್ಮಿನಲ್ಲಿನ ಮುಂದೆ ಕೂತ ಇಬ್ಬರಿಗೂ ಇಡೀ ಮಷೀನು ತಮ್ಮದೇ ಅನ್ನಿಸುವಂತೆ ಮಾಡುವುದು ನನ್ನ ಕೆಲಸ. ಗಡಿಯಾರ ಟಿಕ್ ಎಂದಾಗೆಲ್ಲ ಕರ್ನಲ್ಲು ಒಬ್ಬರಿಂದ ಪ್ರೊಸೆಸರ್ ಕಸಿದು ಇನ್ನೊಬ್ಬರಿಗೆ ಕೊಡುತ್ತದೆ.

ಈ ಕಸಿಯುವುದು ನನಗೆ ಹಿಡಿಸುತ್ತಿರಲಿಲ್ಲ. ನಮ್ಮ ಜೇವರ್ಗಿ ಮನೆಯಲ್ಲಿ ಬಂದವರು ಊಟಕ್ಕೆ ಕೂಡುವತನಕ ಯಾರೂ ಕೂಡುತ್ತಿರಲಿಲ್ಲ. ಅಪ್ಪ "ಕೂಡ್ರಿ" ಅನ್ನುವುದು, ಬಂದವರು "ಇಲ್ರಿ, ಮೊದಲ ನೀವು ಕೂಡ್ರಿ" ಅನ್ನುವುದು. ಕಡೆಗೆ ಒಲೆಯ ಮುಂದಿನಿಂದ ಅವ್ವನ ದನಿ: "ಯಾರರೆ ಒಬ್ರು ಕೂಡ್ರಿ, ರೊಟ್ಟಿ ಆರಾಕತ್ತಾವ!"

ಪ್ರಿಂಟರ್ ಒಂದೇ ಇತ್ತಲ್ಲ, ಒಮ್ಮೆಗೆ ಒಬ್ಬರನ್ನಷ್ಟೇ ಬಿಡುವ ಅದರ ಲಾಕನ್ನು ನಾನು ಮನೆಯ ರೀತಿಯಲ್ಲೇ ಬರೆದೆ. ಬೇಕಾದವರು ಕೈ ಎತ್ತಬೇಕು. ಇನ್ನೊಬ್ಬರ ಕೈಯೂ ಎದ್ದಿದ್ದರೆ ತಮ್ಮದನ್ನು ಇಳಿಸಿ, ಒಂದು ಟಿಕ್ ತಡೆದು ಮತ್ತೆ ಎತ್ತಬೇಕು. ಇಷ್ಟು ಸಂಸ್ಕಾರವಂತ ಕೋಡು ಜಿಲ್ಲೆಯಲ್ಲೇ ಇಲ್ಲ ಎಂದುಕೊಂಡೆ. ಒಬ್ಬನೇ ಕೂತು, ಒಮ್ಮೆ ಈ ಕೀಬೋರ್ಡು, ಒಮ್ಮೆ ಆ ಕೀಬೋರ್ಡು ಒತ್ತಿ ಹತ್ತಾರು ಸಲ ಪರೀಕ್ಷೆಯನ್ನೂ ಮಾಡಿದೆ.

ಸಾಹೇಬರ ಬಸ್ಸು ಹೊತ್ತಿಗೆ ಸರಿಯಾಗಿ ಬಂತು. ಕರೆಂಟೂ ಇತ್ತು. ನನಗೆ ಇನ್ನಷ್ಟು ಭಯವಾಯಿತು. ಒಂದು ಟರ್ಮಿನಲ್ಲಿಗೆ ಅವರು, ಇನ್ನೊಂದಕ್ಕೆ ಅಕ್ಕೋರು ಕೂತು ಟೈಪ್ ಮಾಡಿದರು. ಇಬ್ಬರ ಅಕ್ಷರಗಳೂ ಅಡ್ಡಿಯಿಲ್ಲದೆ ಮೂಡಿದವು.

"ಭೇಷ್! ಈಗ ಇಬ್ಬರೂ ಒಮ್ಮಿಗೇ ಪ್ರಿಂಟ್ ಒತ್ತೂಣು ಬರ್ರಿ," ಎಂದರು ಸಾಹೇಬರು.

ಒತ್ತಿದರು. ಪ್ರಿಂಟರ್ ಸುಮ್ಮನಿತ್ತು.

"ಏನ್ರಿ, ಮಷೀನು ವಿಚಾರ ಮಾಡಾಕತ್ತಾದೇನು?"

"ಹೌದ್ರಿ ಸಾಹೇಬ್ರ," ಎಂದೆ. ಒಳಗೆ ನಡೆಯುತ್ತಿದ್ದುದು ಆಗಲೇ ಹೊಳೆದಿತ್ತು: ಇಬ್ಬರೂ ಕೈ ಎತ್ತುವುದು, ನೋಡುವುದು, ಇಬ್ಬರೂ ಇಳಿಸುವುದು, ಒಂದು ಟಿಕ್ ತಡೆದು ಇಬ್ಬರೂ ಮತ್ತೆ ಎತ್ತುವುದು. ಅಕ್ಕೋರ ಕಿವಿಯ ಬಳಿ ಬಾಗಿದೆ. "ಎರಡೂ ನೀವು ಮೊದಲ, ನೀವು ಮೊದಲ ಅನ್ಕೋತ ನಿಂತಾವ್ರಿ."

"ಯಾರು ಕಲಿಸಿದ್ರು ಅವಕ್ಕ?"

"ನಾನೇ ರೀ."

"ಭಾಳ ಛಲೋ ಕಲಿಸೀರಿ ಬಿಡ್ರಿ! ಒಬ್ರರೆ ಮೊದಲ ಹೋಗಬೇಕಲ್ಲ?" ಎಂದ ಅಕ್ಕೋರು ತಮ್ಮ ಟರ್ಮಿನಲ್ಲಿನ ಕೀಲಿಗಳನ್ನು ಸಿಕ್ಕಾಪಟ್ಟೆ ಒತ್ತಿ ಕೆಲಸ ರದ್ದು ಮಾಡಿದರು. ಪ್ರಿಂಟರ್ ಕಿರ್ರೆಂದು ಎದ್ದು ಸಾಹೇಬರ ಹಾಳೆ ಹೊರಹಾಕಿತು. ಅವರು ಓದಿ, ನಕ್ಕು, ಮಾನ್ಯತೆಯ ಅರ್ಜಿಗೆ ಸಹಿ ಹಾಕಿದರು. "ಇಬ್ಬರ ಕೆಲಸಾನೂ ನೋಡೇನಿ. ಮಷೀನಿಗೆ ಸ್ವಲ್ಪ ನಾಚಿಕಿ ಬಿಡಿಸ್ರಿ," ಎಂದು ನನಗೆ ಹೇಳಿ ಚಹಾ ಕುಡಿದರು.

ಮುಂದಿನ ವಾರವೇ ನಾನು ಲಾಕು ತಿದ್ದಿದೆ. ಹುಡುಗಿಯರು ಕಲಿಯಲು ಬಂದರು.

ಆದರೆ ಅಂದು ಕೀಲಿಗಳನ್ನು ಒತ್ತಿದ ಗಡಿಬಿಡಿಯಲ್ಲಿ ಅಕ್ಕೋರು ಬರೆದದ್ದೇ ಅಳಿಸಿಹೋಗಿತ್ತು. ಹನ್ನೊಂದು ಹುಡುಗಿಯರ ಹೆಸರುಗಳವು. ಕಂಪ್ಯೂಟರಿನ ಮೊದಲ ಹಾಳೆಯೆಂದು ಗೋಡೆಗೆ ಅಂಟಿಸಬೇಕೆಂದಿದ್ದರಂತೆ. ಮರುದಿನ ಅದನ್ನು ಅವರು ಹಳೆಯ ಟೈಪ್‌ರೈಟರಿನಲ್ಲೇ ಹೊಡೆದು ಅಂಟಿಸಿದರು.