ಯಾರೂ ಕೈ ಹಾಕದ ದಾರಿ

ಸಿಯೆನಾ ಸೀಮೆಯ ಗುಡ್ಡಗಳ ನಡುವಿನ ಒಂದು ಬಿಳಿ ಜಲ್ಲಿ ದಾರಿಯನ್ನು ದುರಸ್ತಿ ಮಾಡುತ್ತ ಫೊಸ್ಕೊ ಮೂವತ್ತೆಂಟು ವರ್ಷ ಸರ್ಕಾರದ ಸಂಬಳಕ್ಕೆ ದುಡಿದ. ಅವನು ನಿವೃತ್ತನಾದ ಮೇಲೆ ಆ ಕೆಲಸಕ್ಕೆ ಯಾರನ್ನೂ ಹಾಕಲಿಲ್ಲ. ಮನಸ್ಸು ತಡೆಯದೆ ಅವನೇ ಇನ್ನೂ ಒಂಬತ್ತು ವರ್ಷ ಬಿಟ್ಟಿ ದುಡಿದ. ಪ್ರತಿವರ್ಷ ಆಲಿವ್ ಕೊಯ್ಲಿಗೆ ಮೊದಲು, ಮಳೆನೀರು ಪಕ್ಕಕ್ಕೆ ಹರಿದುಹೋಗಲೆಂದು ದಾರಿಗೆ ಓರೆಯಾಗಿ ಕಾಲುವೆ ತೋಡುತ್ತಿದ್ದ, ಕೊರಕಲಿಗೆ ಜಲ್ಲಿ ತುಂಬುತ್ತಿದ್ದ.

ಕಳೆದ ಸೆಪ್ಟೆಂಬರಿನಲ್ಲಿ ಸೈಕಲ್ ಸವಾರನೊಬ್ಬ, ಗುದ್ದಲಿ ಹಿಡಿದಿದ್ದ ಫೊಸ್ಕೊನ ಪಕ್ಕದಲ್ಲೇ ನಿಂತು ನೀರು ಕುಡಿದು, "ಎಷ್ಟು ಚೆಂದ ತಾತಾ! ಈ ದಾರಿಗೆ ಯಾರೂ ಕೈಯೇ ಹಾಕಿಲ್ಲ," ಎಂದ.

ಫೊಸ್ಕೊನ ಮೈ ಉರಿದುಹೋಯಿತು. ಮನೆಗೆ ಬಂದವನೇ ಗುದ್ದಲಿಯನ್ನು ಕೋಳಿಗೂಡಿನ ಹಿಂದೆ ಎಸೆದ. "ಇನ್ಮೇಲೆ ನಾನೂ ಕೈ ಹಾಕಲ್ಲ. ಬಿದ್ದು ಹಲ್ಲು ಮುರ್ಕೊಳ್ಳಲಿ, ಆಗ ಗೊತ್ತಾಗುತ್ತೆ!"

"ಬೀಳೋದು ಅವ್ರಲ್ಲ ಕಣ್ರೀ, ನಾವು," ಎಂದಳು ಹೆಂಡತಿ ಒತ್ತಾವಿಯಾ.

ಚಳಿಗಾಲದ ಮಳೆ ದಾರಿಯನ್ನು ಮೊಣಕಾಲಾಳ ಸೀಳಿಹಾಕಿತು. ಕೆಳಗಿನ ಮನೆಗೆ ಮೊಟ್ಟೆ ಕೊಡಲು ಹೊರಟ ಒತ್ತಾವಿಯಾ ಆ ಕೊರಕಲಿನಲ್ಲೇ ಬಿದ್ದು ಸೊಂಟ ಮುರಿದುಕೊಂಡಳು.

ಏಪ್ರಿಲಿನಲ್ಲಿ ಅದೇ ಸವಾರ ಹನ್ನೆರಡು ಮಂದಿಯನ್ನು ಕಟ್ಟಿಕೊಂಡು ಬಂದ. ಮೈಯೆಲ್ಲ ಕೆಸರು, ಮುಖದ ತುಂಬ ನಗು. ಅಂಗಳದಲ್ಲಿ ಹೆಂಡತಿಯ ತೋಳು ಹಿಡಿದು ಒಂದೊಂದೇ ಹೆಜ್ಜೆ ನಡೆಸುತ್ತಿದ್ದ ಫೊಸ್ಕೊನನ್ನು ಕಂಡು ಕೈಬೀಸಿ ಕೂಗಿದ:

"ತಾತಾ, ಹೋದ ವರ್ಷ ಸ್ವಲ್ಪ ಸಪ್ಪೆ ಇತ್ತು. ಈಗ ನೋಡಿ, ದಾರಿ ಅಂದ್ರೆ ಇದು!"